ಅರ್ಜಿಯ ಮೂರನೇ ಹಾಳೆ

2025ರ ಮಾರ್ಚ್ 11, ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಬಾಗಲವಾಡದ ಸೂಗಮ್ಮ ಮಾನ್ವಿ ಠಾಣೆಯ ಮೆಟ್ಟಿಲು ಹತ್ತಿದಳು. ಸೆರಗಿನ ತುಂಬ ರಕ್ತ. ಅದು ಅವಳದಲ್ಲ, ಮಗಳು ವಿಜಯಲಕ್ಷ್ಮಿಯದು. ಮಗಳನ್ನು ಆಂಬುಲೆನ್ಸ್‌ನಲ್ಲಿ ರಾಯಚೂರಿಗೆ ಕಳಿಸಿ ನೇರ ಇಲ್ಲಿಗೆ ಬಂದಿದ್ದಳು. ಪಿಎಸ್‌ಐ ಶೈಲಜಾ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಯಾರು ಹೊಡದ್ರು?"

"ಮಾರಿಗಿ ಟವೆಲ್ ಸುತ್ತಿದ್ದರೀ. ಏಳೂಮುಕ್ಕಾಲಿಗಿ ಬಂದು ಕುಡಗೋಲಿಲೆ ಕಡದ. ಕೋರ್ಟಿಗಿ ಹೋಗಾಕ ಬಸ್ಸಿಗಿ ನಿಂತಿದ್ವಿ. ಇವತ್ತ ಮೊದಲನೇ ತಾರೀಖು."

"ಯಾವ ಕೇಸು?"

"ಅಕಿ ಗಂಡನ ಮ್ಯಾಲೆ ರೀ. ದೇವದುರ್ಗದ ಪಂಪಾಪತಿ. ಬಡದು ಕೈ ಮುರದಿದ್ದ. ವಕೀಲರನ್ನ ಹಿಡೀಲಿಲ್ಲ. ಛಾಪಿಸಿದ ಅರ್ಜಿ ನಮೂನಿ ತಂದು ತಾನ ತುಂಬಿ ಹಾಕಿದ್ಲು."

ಒಂಬತ್ತು ಐದಕ್ಕೆ ಕೊಲೆ ಯತ್ನ, ಕಲಂ 109ರ ಅಡಿ ಎಫ್‌ಐಆರ್ ಆಯಿತು. ಶೈಲಜಾ ಕಾನ್‌ಸ್ಟೆಬಲ್ ಮುಷರ್ರಫ್‌ನನ್ನು ಆಸ್ಪತ್ರೆಗೆ ಅಟ್ಟಿ, ತಾನು ಬಾಗಲವಾಡದ ಕಾಲುವೆ ದಂಡೆಯ ಬಸ್ ನಿಲ್ದಾಣಕ್ಕೆ ಹೋದಳು. ಪಂಚರನ್ನು ಕರೆಸಿ ಪಂಚನಾಮೆ ಬರೆಸಿದಳು. ಸಿಮೆಂಟಿನ ಕಟ್ಟೆಯ ಮೇಲೆ ಎರಡು ಬೆರಳು ಬಿದ್ದಿದ್ದವು, ಬಳೆಚೂರು ಚೆಲ್ಲಿದ್ದವು, ಗೋಡೆಗೆ ಎದೆಯೆತ್ತರದವರೆಗೆ ರಕ್ತ ಚಿಮ್ಮಿತ್ತು. ಪಕ್ಕದಲ್ಲಿ ಅವಳ ಕಡತ. ಅದರ ಐದೂ ಹಾಳೆಗಳು ಇದ್ದವು.

ಪಂಪಾಪತಿಯನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಹತ್ತೂವರೆಗೆ ಕೋರ್ಟಿನ ಆವರಣದಲ್ಲೇ ನಿಂತಿದ್ದ. ಹೆಂಡತಿಗೆ ಹೀಗಾಗಿದೆ ಎಂದಾಗ, "ಹಂಗಾದ್ರ ಇವತ್ತ ತಾರೀಖು ಮುಂದ ಹೋಗ್ತದೇನ್ರಿ?" ಎಂದು ಕೇಳಿದ. ಶೈಲಜಾಳ ಕೈ ಮೇಲೆದ್ದಿತು. ಕಷ್ಟಪಟ್ಟು ಇಳಿಸಿಕೊಂಡಳು.

"ಏಳೂಮುಕ್ಕಾಲಿಗೆ ಎಲ್ಲಿದ್ದಿ?"

"ಬಸ್ಸಿನ್ಯಾಗ. ದೇವದುರ್ಗದಿಂದ ಏಳಕ್ಕ ಬಿಟ್ಟೀನಿ."

ಟಿಕೆಟ್ ಇತ್ತು. ಕಂಡಕ್ಟರ್ ಫೋನಿನಲ್ಲಿ ಹೌದೆಂದ. ಹಿಂದಿನ ಸೀಟಿನವರೊಂದಿಗೆ ಜಗಳಾಡಿದ್ದರಿಂದ ಮುಖ ನೆನಪಿತ್ತಂತೆ. ಇಂಥ ಗಂಡಸೇ ಕಡಿದಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಶೈಲಜಾಳ ಹೊಟ್ಟೆಯೂ ತಣ್ಣಗಾಗುತ್ತಿತ್ತು. ಆದರೆ ಇವನಲ್ಲ.

ಹನ್ನೆರಡಕ್ಕೆ ಮುಷರ್ರಫ್ ಆಸ್ಪತ್ರೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಾಗದದ ಮುದ್ದೆ ತಂದ. "ಅಕಿ ಬಾಯಾಗ ತುರುಕಿದ್ದ ಮೇಡಂ. ಡಾಕ್ಟರು ಗಂಟಲಿಂದ ತಗದ್ರು. ಅಕಿಗಿ ಎಚ್ಚರ ಇಲ್ಲ."

ಬಿಡಿಸಿದರೆ ಅದು ಅದೇ ಅರ್ಜಿಯ ಮೂರನೇ ಹಾಳೆ. ಮೂಲೆಯಲ್ಲಿ ಕೋರ್ಟಿನ ಮೊಹರು, ಅದರ ಕೆಳಗೆ ಪೆನ್ನಿನಲ್ಲಿ 'ಎದುರುದಾರ 2'. ನೋಟಿಸಿನ ಜೊತೆ ಎದುರುದಾರರಿಗೆ ತಲಾ ಒಂದು ಪ್ರತಿ ಹೋಗುತ್ತದೆ. ಒಂದನೆಯವನು ಗಂಡ, ಅವನ ಪ್ರತಿ ಅವನ ಚೀಲದಲ್ಲೇ ಪೂರ್ತಿ ಇತ್ತು. ಎರಡನೆಯವನು ಗಂಡನ ಅಣ್ಣ ಬಸವಲಿಂಗ.

ಶೈಲಜಾ ಹಾಳೆ ಓದಿದಳು. ದೌರ್ಜನ್ಯದ ಬಗೆಗಳನ್ನು ಮೊದಲೇ ಅಚ್ಚು ಹಾಕಿದ್ದರು, ಅನ್ವಯಿಸದ ಸಾಲಿಗೆ ಗೆರೆ ಎಳೆಯಿರಿ ಎಂದು ಮೇಲೆ ಸಣ್ಣಕ್ಷರದಲ್ಲಿತ್ತು. ಏಳನೇ ಸಾಲು: 'ಮನೆಯ ಇತರ ಗಂಡಸರು ಅಸಭ್ಯವಾಗಿ ಮೈಮುಟ್ಟಿದ್ದಾರೆ.' ಇತರ ಗಂಡಸರ ಹೆಸರಿನ ಖಾನೆಯಲ್ಲಿ ಬಸವಲಿಂಗ ಎಂದಿತ್ತು. ಒಂದು ಸಾಲಿಗೂ ಗೆರೆ ಬಿದ್ದಿರಲಿಲ್ಲ.

"ಬಾವ ಕೆಟ್ಟಂವ ಇದ್ದನೇನು?" ಎಂದು ಠಾಣೆಯಲ್ಲೇ ಇದ್ದ ಸೂಗಮ್ಮನನ್ನು ಕೇಳಿದಳು.

"ಯಪ್ಪಾ! ದೇವರಂಥಾ ಮನಷ್ಯಾ ರೀ."

"ಮತ್ತ ಈ ಸಾಲಿಗಿ ಯಾಕ ಗೆರಿ ಹಾಕಿಲ್ಲ?"

"ಸರ್ಕಾರದ ಕಾಗದದ ಮ್ಯಾಲೆ ಕಾಟು ಹಾಕಿದ್ರ ಅರ್ಜಿ ವಾಪಸ್ ಬರ್ತದಲ್ಲರೀ. ರೇಷನ್ ಕಾರ್ಡಿಂದು ಎರಡು ಸಲ ಬಂದಿತ್ತು. ಮನಿಯಾಗಿನ ಗಂಡಸರ ಹೆಸರು ಕೇಳ್ಯಾರ ಅಂತ ಬರದ್ಲು, ಅಷ್ಟ."

ತಿದ್ದಿದ ಅರ್ಜಿಯನ್ನು ಮುಖಕ್ಕೆ ಎಸೆಯುವ ಕಿಟಕಿಗಳ ಮುಂದೆ ನಿಂತು ನಿಂತು ಈ ಜನ ಕಲಿತದ್ದು ಇದೇ ಪಾಠ. ವಿಜಯಲಕ್ಷ್ಮಿಯೂ ಅದನ್ನೇ ಕಲಿತಿದ್ದಳು.

ಬಸವಲಿಂಗನ ಮೊಬೈಲ್ ಮಲ್ಲಟದ ಟವರಿನಲ್ಲಿತ್ತು. ಅಲ್ಲಿ ಅವನ ತಂಗಿಯ ಮನೆ. ನಾಲ್ಕು ಹತ್ತಕ್ಕೆ ಜೀಪು ನಿಂತಾಗ ಹಿತ್ತಿಲಲ್ಲಿ ಕೂತಿದ್ದ. ಅಂಗಿಯ ತೋಳು ಮೊಣಕೈವರೆಗೆ ಕಪ್ಪಗೆ ಒಣಗಿತ್ತು. ಓಡಲಿಲ್ಲ. ಕುಡಗೋಲನ್ನು ಹುಲ್ಲಿನ ಬಣವೆಯಿಂದ ತಾನೇ ತೆಗೆದುಕೊಟ್ಟ.

ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ಹೇಳಿದ. ಅವನಿಗೆ ಓದು ಬರದು. ಹದಿನೈದು ದಿನದ ಹಿಂದೆ ನೋಟಿಸು ಬಂದಾಗ ಕಿರಾಣಿ ಅಂಗಡಿಯ ಅಂಬರೇಶನ ಕೈಯಲ್ಲಿ ಓದಿಸಿದ. ಕಟ್ಟೆಯ ಮೇಲೆ ಹತ್ತು ಜನ ಕೂತಿದ್ದರು. ಏಳನೇ ಸಾಲು ಓದಿದವನೇ ಅಂಬರೇಶ ಅಲ್ಲಿಗೇ ನಿಲ್ಲಿಸಿ ಹಾಳೆ ಮಡಚಿ ಕೊಟ್ಟ.

"ನನ್ನ ಹೆಂಡ್ತಿ ಅವತ್ತ ಮಗಳನ್ನ ಕರಕೊಂಡು ತೌರಿಗಿ ಹೋದ್ಲು. 'ಹರೇದ ಹುಡುಗೀನ್ನ ನಿನ್ನ ಸೂರಿನ್ಯಾಗ ಬಿಡಂಗಿಲ್ಲ' ಅಂದ್ಲು. ಮಗಳು ಹೊಳ್ಳಿ ನೋಡ್ಲಿಲ್ಲರೀ."

"ವಿಜಯಲಕ್ಷ್ಮೀನ್ನ ಒಂದು ಮಾತು ಕೇಳಬೇಕಿತ್ತು."

"ಏನಂತ ಕೇಳ್ಲಿ? ಬರದಾಳಲ್ಲ. ಬರದದ್ದನ್ನ ನುಂಗು ಅಂತ ತುರುಕಿದೆ."

"ಅಕಿ ಬರದಿಲ್ಲ. ಅದು ಛಾಪಿಸಿದ್ದು."

ಅವನಿಗೆ ಅರ್ಥವಾಗಲಿಲ್ಲ. ಶೈಲಜಾ ಕಡತದ ನಾಲ್ಕನೇ ಹಾಳೆ ತೆಗೆದಳು. ಅಲ್ಲಿ ಅಚ್ಚಕ್ಷರ ಇರಲಿಲ್ಲ, ಸ್ವಂತ ಮಾತಿನಲ್ಲಿ ಬರೆಯಲು ಬಿಟ್ಟ ಜಾಗ. ಉರುಟು ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು: "ನನ್ನ ಕೈ ಮುರಿದಾಗ ಬಾವ ಬಸವಲಿಂಗಪ್ಪನವರು ಹೆಗಲ ಮೇಲೆ ಹೊತ್ತು ದವಾಖಾನೆಗೆ ಒಯ್ದರು. ಅವರು ನನಗೆ ತಂದೆ ಸಮಾನ. ಅವರನ್ನು ಕರೆದು ಕೇಳಿದರೆ ನಿಜ ಹೇಳುತ್ತಾರೆ."

ಬಸವಲಿಂಗ ಹಾಳೆಯನ್ನೇ ನೋಡಿದ. "ಇದನ್ನ ಯಾರೂ ಓದ್ಲಿಲ್ಲರೀ ನನಗ," ಎಂದ. ಶೈಲಜಾಳ ಕಡೆ ತಿರುಗಿ, "ಅಕಿ ಉಳೀತಾಳಲ್ಲರೀ, ಯವ್ವಾ?"

ಶೈಲಜಾಳಿಗೆ ಅವನ ಮೇಲೆ ಕನಿಕರ ಬಂತು. ಆ ಕನಿಕರದ ಮೇಲೆ ಅಸಹ್ಯವೂ ಬಂತು. ಮರ್ಯಾದೆ ಹೋದ ಸಂಕಟ ನಿಜವಿರಬಹುದು, ಆದರೆ ಕುಡಗೋಲು ಹಿಡಿಯುವ ಮುಂಚೆ ಹಾಳೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಪೂರ್ತಿ ಓದಿಸುವಷ್ಟು ಪುರುಸೊತ್ತು ಅವನಿಗೆ ಹದಿನೈದು ದಿನ ಇತ್ತು.

"ಆರು ಇಪ್ಪತ್ತಕ್ಕ ಜೀವ ಹೋತು," ಎಂದಳು.

ಆಗ ಏಳು ಗಂಟೆ. ಹೆಂಡತಿಯ ಕೈ ಮುರಿದಿದ್ದ ಪಂಪಾಪತಿ ಹೇಳಿಕೆಗೆ ಸಹಿ ಮಾಡಿ ದೇವದುರ್ಗದ ಬಸ್ಸು ಹತ್ತಿದ್ದ. ಶೈಲಜಾ ಕಲಂ 109ರ ಬದಲು ಕೊಲೆಯ ಕಲಂ 103 ಅಳವಡಿಸಲು ನ್ಯಾಯಾಲಯಕ್ಕೆ ಮನವಿ ಬರೆದಳು, ಆಮೇಲೆ ನಿಜ ಹೇಳುತ್ತಾನೆಂದು ವಿಜಯಲಕ್ಷ್ಮಿ ನಂಬಿದ್ದ ಒಬ್ಬನೇ ಸಾಕ್ಷಿಯನ್ನು ಲಾಕಪ್ಪಿಗೆ ಹಾಕಿಸಿದಳು.