ಬೇಸ್ ನಿಂತ ಜಾಗದಲ್ಲಿ

ಅವನನ್ನು ಮೊದಲ ಸಲ ನೋಡಿದ ದಿನವೇ ಅವನ ತುಟಿ ಒಡೆದೆ. ತಪ್ಪು ನನ್ನದಲ್ಲ. ನನ್ನ ಎದುರು ನಿಂತು ಏಟು ತಡೆಯಲೆಂದು ಅಪ್ಪ ಕರೆಸಿದ್ದ ಮನುಷ್ಯ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ರಿಂಗಿಗೆ ಹತ್ತಿ ಬಂದ. ನನ್ನ ಮುಂದೆ ನಿಂತು ಹಾಡು ಕೇಳುವುದೇ? ಮೈಯೆಲ್ಲ ಉರಿದುಹೋಯಿತು. ಒಂದು ಬಿಟ್ಟೆ.

ಅವನು ಗ್ಲೌಸಿನಲ್ಲೇ ರಕ್ತ ಒರೆಸಿಕೊಂಡು ನಕ್ಕ. "ಚೆನ್ನಾಗಿತ್ತು. ಇನ್ನೊಂದು?"

ಟಯರ್ ಅಂಗಡಿಯ ಮೇಲಿರುವ ಆ ಬಾಕ್ಸಿಂಗ್ ಜಿಮ್ ಅಪ್ಪನದು. ಕೋಚ್ ಅಪ್ಪ, ಬಾಕ್ಸರ್ ನಾನು. ಹೊಸಬನನ್ನು ಎಲ್ಲರೂ 'ಗೋಡೆ' ಎನ್ನುತ್ತಿದ್ದರು. ಯಾರು ಕರೆದರೂ ಅವರ ಜಿಮ್‌ಗೆ ಹೋಗಿ ಹೊಡೆಸಿಕೊಳ್ಳುವುದು ಅವನ ಕೆಲಸ. ಎಷ್ಟು ಬಡಿದರೂ ಬೀಳುವುದಿಲ್ಲ, ತಿರುಗಿ ಹೊಡೆಯುವುದಂತೂ ಇಲ್ಲವೇ ಇಲ್ಲ. ಹೊಡೆಯುವವಳಿಗೆ ಇದಕ್ಕಿಂತ ಅವಮಾನ ಇನ್ನೇನಿದೆ ಹೇಳಿ.

"ಅದೇನು ಕೇಳ್ತೀಯ ಯಾವಾಗ್ಲೂ?" ಎಂದು ಒಂದು ಸಂಜೆ ಕೇಳಿದೆ.

ಒಂದು ತುದಿಯನ್ನು ನನ್ನ ಕಿವಿಗೆ ಇಟ್ಟ. ಯಾರೂ ಹಾಡುತ್ತಿರಲಿಲ್ಲ. ಡ್ರಮ್ಸ್, ಕೀಬೋರ್ಡ್, ಒಂದು ಸ್ಯಾಕ್ಸೊಫೋನ್, ಅವರೆಲ್ಲರ ಮುಂದೆ ಒಂದು ಬೇಸ್ ಗಿಟಾರ್. ಬೇಸ್ ಅಂದರೆ ಹಿಂದೆ ನಿಂತು ಗುಮ್ ಗುಮ್ ಅನ್ನುವ ವಾದ್ಯ ಎಂದುಕೊಂಡಿದ್ದೆ. ಈ ಪುಣ್ಯಾತ್ಮ ಅದರ ದಪ್ಪ ತಂತಿಗಳನ್ನು ಹೆಬ್ಬೆರಳಲ್ಲಿ ಬಾರಿಸುತ್ತಿದ್ದ, ಕಿತ್ತೆಳೆಯುತ್ತಿದ್ದ, ಉಳಿದವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದ.

"ಇದು ಸಂಗೀತಾನಾ, ಜಗಳಾನಾ?"

"ನಿನಗೆ ಇಷ್ಟ ಆಗುತ್ತೆ ಅಂತ ಗೊತ್ತಿತ್ತು," ಎಂದ.

ಮುಂದಕ್ಕೆ ಹೋಗುತ್ತಾ ಬೇಸ್ ತಟ್ಟನೆ ನಿಂತಿತು. ಒಂದು ಉಸಿರಿನಷ್ಟು ಏನೂ ಇಲ್ಲ. ಆಮೇಲೆ ಮೇಲಿಂದ ಬಿದ್ದ ಹಾಗೆ ಬಂತು ನೋಡಿ, ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು.

ಅಲ್ಲಿಂದ ದಿನಾ ಆ ಆಲ್ಬಂ ಜಿಮ್ಮಿನ ಸ್ಪೀಕರಿನಲ್ಲಿ. ಬೇಸ್ ಓಡುವಾಗ ಎಡಗೈಯಿಂದ ಚುಚ್ಚು, ನಿಂತಾಗ ನಿಲ್ಲು, ವಾಪಸ್ ಬೀಳುವಾಗ ಬಲಗೈ. ಗೋಡೆಯ ಪಕ್ಕೆಲುಬು ನನ್ನ ತಾಳ ಆಗಿಹೋಯಿತು. ತಾಲೀಮು ಮುಗಿದ ಮೇಲೆ ರಿಂಗಿನ ಅಂಚಿನಲ್ಲಿ ಕೂತು, ಒಂದೇ ಇಯರ್‌ಫೋನಿನಲ್ಲಿ ಅದೇ ಕಲಾವಿದನ ಬೇರೆ ಆಲ್ಬಂಗಳನ್ನು ಕೇಳುತ್ತಿದ್ದೆವು. ವೈರು ಗಿಡ್ಡ. ಭುಜ ತಾಗದೆ ಕೂರಲು ಆಗುತ್ತಿರಲಿಲ್ಲ, ಹೊಸದು ಕೊಳ್ಳೋಣ ಎಂದು ಇಬ್ಬರೂ ಹೇಳಲಿಲ್ಲ.

"ನನ್ನ ಎಡ ಪಕ್ಕೆ ನೀಲಿಯಾಗಿದೆ," ಎನ್ನುತ್ತಿದ್ದ.

"ಬಲ ಪಕ್ಕೆ ಬೇಜಾರು ಮಾಡ್ಕೊಂಡಿರುತ್ತೆ. ನಾಳೆ ಅದಕ್ಕೂ ಕೊಡ್ತೀನಿ."

ಅವನು ಓರೆಗಣ್ಣಲ್ಲಿ ನೋಡುತ್ತಿದ್ದ. ಆ ನೋಟ ತಡೆಯಲು ನನಗೆ ಯಾವ ಗಾರ್ಡೂ ಬರುತ್ತಿರಲಿಲ್ಲ. ನನಗೆ ಅವನು ಬೇಕಾಗಿದ್ದ, ಅಷ್ಟೇ.

ಆಮೇಲೆ ಆ ಎಡಚಿ ಬಂದಳು. ರಾಜ್ಯ ತಂಡದಲ್ಲಿ ಉಳಿದಿದ್ದು ಒಂದೇ ಜಾಗ, ಅದಕ್ಕೆ ನಾನು ಮತ್ತು ಈ ಎಡಗೈ ಬಾಕ್ಸರ್. ಮೂರು ಬೌಟ್‌ಗಳಲ್ಲಿ ಎರಡು ಗೆದ್ದವರಿಗೆ ಜಾಗ. ಮೊದಲ ಬೌಟ್ ನಾನು ಗೆದ್ದಿದ್ದೆ. ಎರಡನೆಯದರಲ್ಲಿ ಏನಾಯಿತೋ, ಅವಳು ನನ್ನ ಮನಸ್ಸಿನೊಳಗೇ ಕೂತ ಹಾಗೆ ಆಡಿದಳು. ಬೌಟ್‌ನಲ್ಲಿ ಸಂಗೀತ ಇರುವುದಿಲ್ಲ, ನನ್ನ ತಲೆಯಲ್ಲಿ ಇತ್ತು. ಚುಚ್ಚಿದೆ, ಚುಚ್ಚಿದೆ, ಬೇಸ್ ನಿಂತಿತು, ನಿಂತೆ. ಬಲಗೈ ಎತ್ತುವಷ್ಟರಲ್ಲಿ ಅವಳ ಎಡಗೈ ನನ್ನ ಮುಖದ ಮೇಲಿತ್ತು. ಮತ್ತೆ ಹೋದೆ, ಮತ್ತೆ ಅದೇ. ಮೂಗು ಲಟಕ್ ಅಂದಿತು. ಕಣ್ಣಿಗೆ ಕತ್ತಲೆ ಕವಿಯಿತು. ಬಾಯಿತುಂಬ ರಕ್ತ ನುಂಗುತ್ತಾ ಗಂಟೆ ಹೊಡೆಯುವವರೆಗೆ ನಿಂತೆ, ಸೋತೆ.

ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ ಅಂದರು, "ನಿಮ್ಮ ಗೋಡೆ ಕಳೆದ ವಾರವೆಲ್ಲ ಅವಳ ಜಿಮ್ಮಲ್ಲೇ ಇದ್ದನಲ್ಲ."

ಪಿತ್ತ ನೆತ್ತಿಗೇರಿತು.

ಮರುದಿನ ಮೂಗಿಗೆ ಪಟ್ಟಿ ಹಾಕಿಕೊಂಡೇ ಜಿಮ್ಮಿನ ಮೆಟ್ಟಿಲು ಹತ್ತಿದೆ. ಅವನು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ನನ್ನ ಮುಖ ನೋಡಿ ಎದ್ದು ನಿಂತ.

"ನನ್ನನ್ನ ಮಾರಿದೆಯೇನೋ?"

"ಇಲ್ಲ."

"ಸುಳ್ಳು!" ಕಪಾಟಿನಲ್ಲಿದ್ದ ಡಂಬೆಲ್ ಎತ್ತಿ ಎಸೆದೆ. ಅವನ ಹಿಂದಿನ ಕನ್ನಡಿ ಪುಡಿಪುಡಿ. ಅಪ್ಪ "ಅಯ್ಯೋ, ನನ್ನ ಕನ್ನಡಿ!" ಎಂದು ಕೂಗಿದ್ದು ಕೇಳಿಸಿತು. ನಾನು ಆಗಲೇ ಅವನ ಮೇಲೆ ಬಿದ್ದಿದ್ದೆ. ಹೊಟ್ಟೆ, ಪಕ್ಕೆ, ದವಡೆ, ಸಿಕ್ಕಲ್ಲಿ ಹೊಡೆದೆ. ಅವನು ಬರೀ ಕೈ ಅಡ್ಡ ಹಿಡಿದ.

"ಹೊಡಿಯೋ! ಒಂದ್ಸಲ ಆದ್ರೂ ಹೊಡಿ! ನನ್ನ ಗುಟ್ಟೆಲ್ಲ ಗೊತ್ತಲ್ಲ ನಿನಗೆ!"

ಅವನ ಮುಖ ಗಂಟಿಕ್ಕಿತು. ಅವನಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಸರ್, ಆಲ್ಬಂ ಹಾಕಿ," ಎಂದ ಅಪ್ಪನಿಗೆ. "ಹೆಡ್‌ಗಾರ್ಡ್ ಹಾಕ್ಕೋ. ಮುಖ ಮುಟ್ಟಲ್ಲ."

ಬೇಸ್ ಶುರುವಾಯಿತು. ಚುಚ್ಚಿದೆ. ನಿಂತಿತು. ಬಲಗೈ ಎತ್ತಿದೆ, ಅವನ ಏಟು ನನ್ನ ಹೊಟ್ಟೆಗೆ ಬಿತ್ತು, ಕುಸಿದೆ. ಎದ್ದೆ. ಬೇಕಂತಲೇ ಸ್ಯಾಕ್ಸೊಫೋನ್ ಏರುವಲ್ಲಿ ಎಡದಿಂದ ಹೋದೆ, ಪಕ್ಕೆಗೆ ಬಿತ್ತು. ಹಿಂದೆ ಸರಿದು ಬಂದೆ, ಭುಜಕ್ಕೆ. ನನಗೇ ಗೊತ್ತಿಲ್ಲದ ನನ್ನ ಸಂದುಗಳಲ್ಲೆಲ್ಲ ಅವನ ಮುಷ್ಟಿ ಮೊದಲೇ ಬಂದು ಕಾಯುತ್ತಿತ್ತು. ಕೊನೆಗೆ ಉಸಿರು ಸಿಕ್ಕದೆ ಮಂಡಿಯೂರಿದೆ.

ಅವನೂ ಎದುರಿಗೇ ಮಂಡಿಯೂರಿದ.

"ಅವಳಿಗೆ ಗೊತ್ತಿದ್ದದ್ದು ಬೇಸ್ ಜೊತೆ ನೀನು ನಿಲ್ಲೋ ಆ ಒಂದು ಜಾಗ, ಅಷ್ಟೇ. ನನಗೆ ನೀನು ಪೂರ್ತಿ ಗೊತ್ತು. ಮಾರೋನಾಗಿದ್ರೆ ಅಷ್ಟನ್ನೂ ಮಾರ್ತಿರ್ಲಿಲ್ವಾ? ನೀನು ಮೊದಲನೇ ರೌಂಡಲ್ಲೇ ಮಲಗಿರ್ತಿದ್ದೆ."

ಸ್ಪೀಕರಿನ ಹತ್ತಿರ ಅಪ್ಪ ಗಂಟಲು ಸರಿಮಾಡಿಕೊಂಡರು.

"ಮಗಳೇ... ನಿನ್ನ ಪ್ರಾಕ್ಟೀಸ್ ವಿಡಿಯೋ ಎಲ್ಲಾ ನಾನು ಜಿಮ್ಮಿನ ಪೇಜಲ್ಲಿ ಹಾಕ್ತಿದ್ದೆ. ಹಾಡಿನ ಸಮೇತ. ಜನ ತುಂಬಾ ಲೈಕ್ ಕೊಡ್ತಿದ್ರು ಕಣೇ. ಅವಳ ಜಿಮ್‌ನೋರೂ."

"ಅಪ್ಪಾ!"

"ಚೆನ್ನಾಗಿ ಹೊಡೀತಿದ್ದೀಯಲ್ಲ ಅಂತ ಹೆಮ್ಮೆ," ಎನ್ನುತ್ತಾ ಅವರು ಪೊರಕೆ ತರಲು ಮೆಲ್ಲಗೆ ಜಾರಿಕೊಂಡರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದರೆ ಮೂಗು ನೋಯುತ್ತಿತ್ತು. "ನೀನು ಇಷ್ಟು ದಿನ ನೋಡಿದ್ದೀಯ. ಪ್ರತಿ ಸಲ ಬೇಸ್ ಜೊತೆ ನಿಂತೇ ಬಲಗೈ ಬಿಡ್ತೀನಿ ಅಂತ ಗೊತ್ತಿತ್ತು. ಯಾಕೋ ಹೇಳ್ಲಿಲ್ಲ?"

ಅವನು ತಲೆ ತಗ್ಗಿಸಿದ. "ಬೇಸ್ ನಿಂತ ತಕ್ಷಣ ನೀನು ನಗ್ತೀಯ. ಮೌತ್‌ಗಾರ್ಡ್ ಇರೋದ್ರಿಂದ ಬೇರೆಯವರಿಗೆ ಕಾಣಲ್ಲ, ಕಣ್ಣಲ್ಲಿ ನಗ್ತೀಯ. ಹೇಳಿದ್ರೆ ಅದು ನಿಂತುಹೋಗುತ್ತೆ ಅಂತ... ಸುಮ್ಮನಿದ್ದೆ. ನಿನ್ನ ಮೂಗು ಮುರಿದದ್ದು ಅವಳಲ್ಲ, ನಾನೇ."

ಅಂಥ ದರಿದ್ರ ಪ್ರೇಮ ನಿವೇದನೆಯನ್ನು ಯಾವ ಹುಡುಗಿಯೂ ಕೇಳಿರಲಾರಳು. ಅವನ ಕೊರಳಪಟ್ಟಿ ಹಿಡಿದು ಎಳೆದೆ.

"ಪೆದ್ದ. ನನ್ನ ನಗು ಬೇಕಿದ್ರೆ ಕೇಳ್ಬೇಕಿತ್ತು. ಈಗ ಗೆಲ್ಲಿಸು."

ಅವನು ಅದೇ ಕಲಾವಿದ ಜನರ ಮುಂದೆ ನುಡಿಸಿದ ಇನ್ನೊಂದು ಆಲ್ಬಂ ತಂದ. ಅದೇ ರಚನೆ. ಆದರೆ ಅದರಲ್ಲಿ ಬೇಸ್ ನಿಲ್ಲಿಸಿದವನು ಎಷ್ಟು ಹೊತ್ತಿಗೆ ಬರುತ್ತಾನೋ ದೇವರಿಗೇ ಗೊತ್ತು. ಒಮ್ಮೆ ಕೂಡಲೇ, ಒಮ್ಮೆ ಜನ ಕೂಗಿ ಸುಸ್ತಾದ ಮೇಲೆ. "ಬೇಸ್‌ನವನನ್ನೇ ಕೇಳಿಸ್ಕೋಬೇಡ. ಡ್ರಮ್ಸ್‌ನವನನ್ನ ಕೇಳಿಸ್ಕೋ. ಅವನೂ ಕಾಯ್ತಿದ್ದಾನೆ," ಎಂದ ಗೋಡೆ. ಮೂಗು ಕೂಡುವವರೆಗೂ ಕಣ್ಣು ಮುಚ್ಚಿ ಅದನ್ನೇ ಕೇಳಿದೆ. ಕಾಯುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ, ಹಲ್ಲು ಕಚ್ಚಿ ಕಲಿತೆ.

ಕೊನೆಯ ಬೌಟ್. ಎಡಚಿ ಮೊದಲೇ ನನ್ನ ಹುಬ್ಬು ಸೀಳಿದಳು. ರಕ್ತ ಕಣ್ಣಿಗೆ ಇಳಿಯಿತು. ಚುಚ್ಚಿದೆ, ಚುಚ್ಚಿದೆ, ನಿಂತೆ. ಅವಳ ಎಡಗೈ ಕಾದಿದ್ದ ಹಾಗೆ ಬಂತು, ನಾನು ಅಲ್ಲಿಗೆ ಹೋಗಲಿಲ್ಲ. ಕಾದೆ. ಇನ್ನೂ ಕಾದೆ. ಖಾಲಿ ಗಾಳಿಗೆ ಹೊಡೆದು ಅವಳು ಮುಗ್ಗರಿಸಿದಾಗ ಇದ್ದಬದ್ದ ಶಕ್ತಿಯನ್ನೆಲ್ಲ ಬಲಗೈಗೆ ತುಂಬಿ ದವಡೆಗೆ ಕೊಟ್ಟೆ. ಅವಳ ಮೌತ್‌ಗಾರ್ಡ್ ಹಾರಿ ಹಗ್ಗದಾಚೆ ಬಿತ್ತು. ಹತ್ತು ಎಣಿಸುವವರೆಗೂ ಅವಳು ಏಳಲಿಲ್ಲ.

ರೆಫ್ರಿ ನನ್ನ ಕೈ ಎತ್ತಿದರು. ಅಪ್ಪ ಅಳುತ್ತಾ ವಿಡಿಯೋ ಮಾಡುತ್ತಿದ್ದರು. ಎಡಚಿಯನ್ನು ಎಬ್ಬಿಸಿ ಅಪ್ಪಿಕೊಂಡು, ಹಗ್ಗ ದಾಟಿ ನೇರ ಗೋಡೆಯ ಹತ್ತಿರ ಹೋದೆ.

"ನಿನ್ನನ್ನ ಪ್ರೀತಿಸ್ತೀನಿ. ಯಾವ ಜಿಮ್‌ಗಾದ್ರೂ ಹೋಗು, ಅದು ನಿನ್ನ ಹೊಟ್ಟೆಪಾಡು. ಆದ್ರೆ ನನ್ನಲ್ಲಿ ತಪ್ಪು ಕಂಡ್ರೆ ಇನ್ಮೇಲೆ ಮುಖಕ್ಕೇ ಹೇಳ್ಬೇಕು. ಆಗುತ್ತಾ?"

ಅವನು ಟವೆಲಿನಿಂದ ನನ್ನ ಹುಬ್ಬನ್ನು ಒತ್ತಿಹಿಡಿದ. ಅವನ ಕಣ್ಣು ತುಂಬಿತ್ತು.

"ಎರಡನೇ ರೌಂಡಲ್ಲಿ ನಿನ್ನ ಬಲ ಮೊಣಕೈ ತುಂಬಾ ಅಗಲಕ್ಕಿತ್ತು," ಎಂದ.

ಅಷ್ಟು ಜನರ ಮುಂದೆ, ಗ್ಲೌಸ್ ಬಿಚ್ಚದ ಕೈಗಳಿಂದಲೇ ಅವನ ಕೆನ್ನೆ ಹಿಡಿದು ಮುತ್ತು ಕೊಟ್ಟೆ.