ಕಲ್ಯಾಣದ ಬಚ್ಚಲು

ಇದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನನಗೇ ಆದದ್ದು. ನಾನೂ ನನ್ನ ಗಂಡನೂ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗೆ ದುಡಿಯಲು ಹೋಗುವವರು. ಮಾತು ಬಾರದ ನಮ್ಮ ಬೆಳೆದ ಮಗ ಬಾಲಪ್ಪನನ್ನು ಕಲ್ಯಾಣದ ಒಂದು ಆಶ್ರಮದಲ್ಲಿ ಬಿಟ್ಟಿದ್ದೆವು. ಅಲ್ಲಿಯವರು ಬಚ್ಚಲಲ್ಲಿ ಸ್ನಾನ ಮಾಡಿಸುವಾಗ ಕುದಿಯುವ ನೀರು ಸುರಿದು ಅವನನ್ನು ಕೊಂದರು. ಅವನು ಬಾಗಿಲು ಹಿಡಿದು ಒದ್ದಾಡಿದ್ದನ್ನು ನಾಟಕ ಎಂದುಕೊಂಡರಂತೆ.

ಅವನ ಬಟ್ಟೆ ತರಲು ಹೋದಾಗ ಮ್ಯಾನೇಜರ್ ರಮಾಕಾಂತ ನನ್ನನ್ನು ಬಚ್ಚಲಿಗೆ ಕರೆದೊಯ್ದ. ಒಲೆ ಹಚ್ಚಿರಲಿಲ್ಲ, ಆದರೂ ಗೋಡೆಯ ಕನ್ನಡಿ ಹಬೆ ಹಿಡಿದು ಮಸುಕಾಗಿತ್ತು. ಸ್ನಾನಕ್ಕೆ ಕರೆತಂದಿದ್ದ, ಮಾತು ಬಾರದ ಇನ್ನೊಬ್ಬ ಆಶ್ರಮವಾಸಿ ಯಂಕಣ್ಣ ಬಾಗಿಲು ಬಿಡದೆ ನಡುಗುತ್ತಿದ್ದ.

"ನಾವು ಪಾಠ ಕಲ್ತಿದ್ದೇವೆ ಅಮ್ಮ. ಈಗ ಕೈ ಅದ್ದಿ ನೋಡದೆ ಯಾರಿಗೂ ನೀರು ಹಾಕುದಿಲ್ಲ," ಎಂದು ರಮಾಕಾಂತ ಬಕೆಟಿಗೆ ಕೈ ಇಳಿಸಿದ. "ನೋಡಿ, ಥಂಡಿ. ಇವನದ್ದು ಬರೀ ನಾಟಕ."

"ನನ್ನ ಮಗಂದೂ ನಾಟಕಾ ಅಂದ್ರಿ. ನೀರು ಮುಟ್ಟಿ ನೋಡೂದು ಕಲ್ತೀರಿ, ಮನಷ್ಯಾನ ಮಾರಿ ನೋಡೂದು ಯಾವಾಗ ಕಲೀತೀರಿ?"

ಸಿಟ್ಟಿನಲ್ಲಿ ನಾನೂ ಅದೇ ಬಕೆಟಿಗೆ ಕೈ ಹಾಕಿದೆ. ಮೊಣಕೈವರೆಗೆ ಚರ್ಮ ಬೆಂದುಹೋಯಿತು. ಬಕೆಟನ್ನು ಒದ್ದು ಉರುಳಿಸಿ, ಯಂಕಣ್ಣನನ್ನು ಎಳೆದುಕೊಂಡು ಹೊರಗೆ ಬಂದೆ.

ಕೈಗೆ ಪಟ್ಟಿ ಕಟ್ಟಿದ ಡಾಕ್ಟರು ಇದು ಕುದಿಯುವ ನೀರಿನದೇ ಗಾಯ ಎಂದರು. ಅದೇ ಬಕೆಟಿನಿಂದ ಚೆಲ್ಲಿದ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದ ರಮಾಕಾಂತನಿಗೆ ಮಾತ್ರ ಥಂಡಿಗೆ ಕಾಲು ಜೋಮು ಹಿಡಿದಿತ್ತಂತೆ.