ಅಳಿಸಬೇಡಿ ಎಂದ ಗಿರಾಕಿ

೨೦೨೫ರ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೊಳಲ್ಕೆರೆ ಠಾಣೆಗೆ ಬಂದ ಸುಪ್ರಿಯಾ ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಒಂದು ಲ್ಯಾಪ್‌ಟಾಪಿನ ಚಾರ್ಜರ್. ಇನ್ನೊಂದು, ರಬ್ಬರ್ ಬ್ಯಾಂಡ್ ಹಾಕಿದ ಐನೂರರ ನೋಟುಗಳು.

"ಲ್ಯಾಪ್‌ಟಾಪ್ ಕದ್ಕಂಡು ಹೋದ ಮೇಡಂ. ಟೀ ಲೋಟದ ಕೆಳಗೆ ಇದನ್ನ ಇಟ್ಟು ಹೋಗ್ಯಾನೆ. ಆರು ಸಾವಿರ ಐತೆ."

ಸಬ್ ಇನ್‌ಸ್ಪೆಕ್ಟರ್ ಶಾಲಿನಿಯ ಎಂಟು ವರ್ಷದ ಸರ್ವೀಸಿನಲ್ಲಿ ದುಡ್ಡು ಇಟ್ಟುಹೋದ ಕಳ್ಳ ಇವನೇ ಮೊದಲು. ಹೆಡ್ ಕಾನ್‌ಸ್ಟೆಬಲ್ ಓಬಯ್ಯನಿಗೆ ಬರೆದುಕೊಳ್ಳಲು ಸನ್ನೆ ಮಾಡಿ, ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು.

ಸುಪ್ರಿಯಾ ಬಿ.ದುರ್ಗದವಳು. ಹೊಳಲ್ಕೆರೆಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಲಗ್ನಪತ್ರಿಕೆಗಳನ್ನು ಮಾಡಿಕೊಡುತ್ತಿದ್ದಳು. ಲ್ಯಾಪ್‌ಟಾಪ್ ತೀರಾ ನಿಧಾನವಾಗಿ, ಒಂದು ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿಗಳು ಎದ್ದು ಹೋಗುತ್ತಿದ್ದರು. ಅದನ್ನು ಕೊಟ್ಟು ಹೊಸದು ಕೊಳ್ಳೋಣವೆಂದರೆ ಚಿತ್ರದುರ್ಗದ ಅಂಗಡಿಯಲ್ಲಿ ಏಳು ಸಾವಿರಕ್ಕಿಂತ ಮೇಲೇರಲಿಲ್ಲ. ಅಂಥದ್ದನ್ನೇ ಬೇರೆಯವರು ಎಷ್ಟಕ್ಕೆ ಮಾರುತ್ತಿದ್ದಾರೆಂದು ಎರಡು ದಿನ ಫೋನಿನಲ್ಲಿ ಹುಡುಕಿ ನೋಡಿದಳು. ಮೂಲೆಯ ಗೀರು, ಬೇಗ ಇಳಿಯುವ ಬ್ಯಾಟರಿ ಎಲ್ಲವನ್ನೂ ಮುಚ್ಚಿಡದೆ ಬರೆದು, ಹದಿಮೂರು ಸಾವಿರ ಬೆಲೆ ಕಟ್ಟಿ, ಫೋಟೋ ಸಮೇತ ತಾನೇ ಜಾಹೀರಾತು ಹಾಕಿದಳು.

"ಎಷ್ಟು ಜನ ಫೋನ್ ಮಾಡಿದ್ರು?"

"ಆರು ಜನ. ಎಲ್ರೂ ಎಂಟಕ್ಕೆ ಕೊಡ್ರಿ, ಒಂಬತ್ತಕ್ಕೆ ಕೊಡ್ರಿ ಅಂದೋರೆ. ಇವನೊಬ್ನು ರೇಟೇ ಕೇಳ್ಲಿಲ್ಲ."

"ಮತ್ತೇನು ಕೇಳ್ದ?"

"ಒಳಗಿರೋದೆಲ್ಲ ಹಂಗೇ ಐತೇನ್ರಿ ಅಂದ. ಎಲ್ಲ ಅಳಿಸಿ ಕ್ಲೀನಾಗಿ ಕೊಡ್ತೀನಿ ಅಂದೆ. ಅಳಿಸ್ಬ್ಯಾಡ್ರಿ, ನಾಳೆನೇ ಬರ್ತೀನಿ ಅಂದ."

ಸೋಮವಾರ ಸಂಜೆ ನಾಲ್ಕಕ್ಕೆ ಬಸ್ ನಿಲ್ದಾಣದ ಎದುರಿನ ಬೇಕರಿಗೆ ಅವನು ಬಂದಿದ್ದ. ಮೂವತ್ತರ ಆಸುಪಾಸು. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಯಾರೋ ಉಗುರುಬಣ್ಣದಲ್ಲಿ 'ಮೌ' ಎಂದು ಬರೆದಿದ್ದರು. ಅವನು ಅದರ ಮೇಲೆ ಬೆರಳಾಡಿಸುತ್ತ ಕುಳಿತಿದ್ದನಂತೆ. ಸುಪ್ರಿಯಾ ತನ್ನ ಫೈಲುಗಳನ್ನು ಅಳಿಸಲು ಶುರುಮಾಡಿ, ಅಮ್ಮನ ಫೋನ್ ಬಂತೆಂದು ಹೊರಗೆ ಹೋದಳು. ಮರಳಿ ಬಂದಾಗ ಅವನಿರಲಿಲ್ಲ.

"ಆ ಅಕ್ಷರ ನೀನು ಬರೆದಿದ್ದೇನಮ್ಮ?"

"ಇಲ್ಲ ಮೇಡಂ. ನಾನು ತಗಂಡಾಗ್ಲೇ ಇತ್ತು."

ಭಾರತೀಯ ನ್ಯಾಯ ಸಂಹಿತೆಯ ಕಲಂ ೩೦೩(೨)ರ ಅಡಿ ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಬೇಕರಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬೇಕರಿಯ ಕ್ಯಾಮೆರಾ ಗಲ್ಲಾಪೆಟ್ಟಿಗೆಯ ಕಡೆ ಮುಖ ಮಾಡಿತ್ತು. ಅದರಲ್ಲಿ ಅವನ ಬೆನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

ಅವನು ಫೋನ್ ಮಾಡಿದ್ದ ನಂಬರ್ ಭೀಮಸಮುದ್ರದ ರಂಗಸ್ವಾಮಿ ಎಂಬುವರ ಹೆಸರಿನಲ್ಲಿತ್ತು. ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ಪಂಕ್ಚರ್ ಅಂಗಡಿ.

"ನಂಬರ್ ನಿಮ್ದೇನ್ರಿ?" ಓಬಯ್ಯ ಕೇಳಿದ.

"ನಂದೇ ಸಾರ್. ಭಾನುವಾರ ಒಬ್ಬ ಗೂಡ್ಸ್ ಆಟೋದೋನು ಪಂಕ್ಚರ್ ಹಾಕಿಸ್ತಾ ಇಲ್ಲೇ ಕುಂತಿದ್ದ. ಮೊಬೈಲ್ ನೋಡ್ತಾ ನೋಡ್ತಾ ಮುಖ ಬಿಳಿಚ್ಕಂತು. ಅಷ್ಟ್ರಾಗೆ ಅವನ ಚಾರ್ಜ್ ಮುಗೀತು. ಒಂದು ಫೋನ್ ಮಾಡ್ಬೇಕು ಅಂತ ನಂದು ಇಸ್ಕಂಡ."

"ಯಾವೂರೋನು?"

"ಹಿರಿಯೂರು ಕಡೆಯೋನು ಅಂದಂಗಿತ್ತು. ಹೆಸರು ಕೇಳ್ಲಿಲ್ಲ."

ವಾಪಸ್ ಬರುವಾಗ ಶಾಲಿನಿ ಜೀಪಿನಲ್ಲಿ ಸುಪ್ರಿಯಾಳ ಹೇಳಿಕೆಯನ್ನು ಮತ್ತೊಮ್ಮೆ ಓದಿದಳು. ಕೊಳ್ಳಲು ಬಂದವನು ಒಳಗಿರುವುದನ್ನು ಅಳಿಸಬೇಡಿ ಎಂದು ಯಾಕೆ ಹೇಳುತ್ತಾನೆ? ಹೇಳುವುದಾದರೆ, ಅದು ಒಂದು ಕಾಲಕ್ಕೆ ಅವನದೇ ಆಗಿರಬೇಕು. ಅವಳು ಸುಪ್ರಿಯಾಗೆ ಫೋನ್ ಮಾಡಿದಳು. ಎರಡು ವರ್ಷದ ಹಿಂದೆ ಹಿರಿಯೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡಿದ್ದೆ, ಬಿಲ್ ಇನ್ನೂ ಇದೆ ಎಂದಳು.

ಮಧ್ಯಾಹ್ನ ಮೂರಕ್ಕೆ ಹಿರಿಯೂರಿನ ಅಂಗಡಿಯವನು ರಿಜಿಸ್ಟರ್ ಬಿಚ್ಚಿದ. ೨೦೨೨ರ ಅಕ್ಟೋಬರ್ ೩. ಮಾರಿದವರು: ಗೋವರ್ಧನ, ಹರಿಯಬ್ಬೆ. ಕೊಟ್ಟ ಹಣ: ಆರು ಸಾವಿರ. ಜೊತೆಗೆ ಆಧಾರ್ ಪ್ರತಿ ಅಂಟಿಸಿತ್ತು.

"ಒಳಗಿದ್ದಿದ್ದು ಏನು ಮಾಡ್ತೀರಿ?"

"ತಗಂಡ ದಿನಾನೇ ಎಲ್ಲ ಒರೆಸಿ ಹೊಸದಾಗಿ ಹಾಕ್ತೀವಿ ಮೇಡಂ. ಹಳೇದು ಒಂದೂ ಉಳಿಯಲ್ಲ."

ಗುರುವಾರ ಬೆಳಿಗ್ಗೆ, ಅಲ್ಲಿನ ಠಾಣೆಗೆ ತಿಳಿಸಿ, ಒಂಬತ್ತೂವರೆಗೆ ಅವರು ಹರಿಯಬ್ಬೆ ಸೇರಿದರು. ಗೂಡ್ಸ್ ಆಟೋ ಮನೆ ಮುಂದೆಯೇ ನಿಂತಿತ್ತು. ಅಂಗಳದಲ್ಲಿ ಪಾಲಮ್ಮ ಎಂಬ ಹೆಂಗಸು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಖಾಕಿ ಕಂಡು ಅವಳು ಏಳುವಷ್ಟರಲ್ಲಿ ಮಗ ಒಳಗಿನಿಂದ ಬಂದ.

"ನಾನೇ ಮೇಡಂ. ಅವ್ವನ ಮುಂದೆ ಬ್ಯಾಡ. ಆಟೋ ಹತ್ರ ಹೋಗಾಣ."

ಮನೆಯೊಳಗೆ ಗೋಡೆಯ ಗೂಡಿನಲ್ಲಿ, ಟವೆಲ್ಲಿನೊಳಗೆ ಲ್ಯಾಪ್‌ಟಾಪ್ ಇತ್ತು. ಓಬಯ್ಯ ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಯತೊಡಗಿದ. ಶಾಲಿನಿ ಗೋವರ್ಧನನನ್ನು ಆಟೋ ಪಕ್ಕಕ್ಕೆ ಕರೆದುಕೊಂಡು ಹೋದಳು.

"ಮೌ ಅಂದ್ರೆ?"

"ಮೌನಿಕಾ. ನನ್ ತಂಗಿ. ಚಿತ್ರದುರ್ಗದಾಗೆ ಬಿ.ಎಸ್ಸಿ ಓದ್ತಿದ್ಲು. ಡೆಂಗ್ಯೂ ಬಂತು. ಐದೇ ದಿನ."

"ಲ್ಯಾಪ್‌ಟಾಪ್ ಮಾರಿದ್ದು?"

"ಅವಳು ಹೋಗಿ ಹದಿನೈದು ದಿನಕ್ಕೆ. ಇದು ಇನ್ಯಾರಿಗೆ ಬೇಕು ಅನ್ನಿಸ್ತು. ನನ್ ಫೋನ್ ಹಳೇದಾಗಿತ್ತು, ಆ ದುಡ್ಡಾಕಿ ಹೊಸದು ತಗಂಡೆ." ಅವನು ನೆಲ ನೋಡುತ್ತಿದ್ದ. "ಒಳಗೇನೈತೆ ಅಂತ ಒಂದ್ಸಲಾನೂ ನೋಡ್ಲಿಲ್ಲ ಮೇಡಂ. ವರ್ಷ ಆದ್ಮೇಲೆ ಅವಳ ಗೆಳತಿ ಬಂದು ಅವ್ವಂಗೆ ಹೇಳಿದ್ಲು. ಮೌನಿಕಾ ಹಾಸ್ಟೆಲ್ನಾಗೆ ಹಾಡಿ, ಮಾತಾಡಿ ವಿಡಿಯೋ ಮಾಡಿಕೊಂಡವ್ಳೆ, ಎಲ್ಲ ಅದ್ರಾಗೇ ಅವೆ ಅಂತ. ಅವತ್ತಿಂದ ಅವ್ವ ದಿನಾ ಕೇಳೋದು ಅದೊಂದೇ."

"ಸುಪ್ರಿಯಾಗೆ ವಿಷಯ ಹೇಳಿ ಕೇಳ್ಬಹುದಿತ್ತಲ್ಲ?"

"ಜಾಹೀರಾತಿನ ಫೋಟೋದಾಗೆ ಆ ಅಕ್ಷರ ಕಂಡು, ಹೇಳ್ಬೇಕು ಅಂತಾನೇ ಹೋಗಿದ್ದೆ. ಅವರು ಒಂದೊಂದೇ ಅಳಿಸ್ತಾ ಕುಂತ್ರು. ಬಾಯೇ ಬರ್ಲಿಲ್ಲ. ಮಾರಿದ ದುಡ್ಡನ್ನ ಇಟ್ಟು ಎತ್ಕಂಡು ಬಂದೆ."

"ತೆಗೆದು ನೋಡಿದ್ಯಾ?"

"ನೋಡ್ದೆ. ಬರೀ ಲಗ್ನಪತ್ರಿಕೆ. ಯಾರ್‍ಯಾರದೋ ಮದುವೆ." ಅವನು ಅಂಗಳದ ಕಡೆ ತಿರುಗಿ ನೋಡಿದ. "ಅವ್ವಂಗೆ ಹೇಳಿಲ್ಲ. ನೀವೂ ಹೇಳ್ಬ್ಯಾಡ್ರಿ ಮೇಡಂ."

ಹತ್ತು ಐವತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಹಿಂದೆ ಅವನ ಮೇಲೆ ಯಾವ ಪ್ರಕರಣವೂ ಇರಲಿಲ್ಲ. ವಿಷಯ ತಿಳಿದ ಸುಪ್ರಿಯಾ ಫೋನಿನಲ್ಲೇ ಅತ್ತಳು, ದೂರು ವಾಪಸ್ ತಗೊಳ್ಳಬಹುದಾ ಎಂದಳು. ಅದನ್ನು ನ್ಯಾಯಾಲಯದಲ್ಲೇ ಹೇಳಬೇಕಮ್ಮ ಎಂದು ಶಾಲಿನಿ ತಿಳಿಸಿದಳು.

ದಸ್ತಗಿರಿಯ ವಿಷಯ ಮನೆಯವರಿಗೆ ತಿಳಿಸಿ ಸಹಿ ಪಡೆಯುವುದು ನಿಯಮ. ಶಾಲಿನಿ ಹಾಳೆ ಹಿಡಿದು ಅಂಗಳಕ್ಕೆ ಹೋದಳು. ಪಾಲಮ್ಮ ಹುಣಸೆ ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಮಗನನ್ನು ಯಾವಾಗ ಬಿಡುತ್ತೀರಿ ಎಂದು ಕೇಳಿದಳು. ಜಾಮೀನಿನ ವಿಷಯವನ್ನು ಶಾಲಿನಿ ನಿಧಾನವಾಗಿ ಎರಡು ಸಲ ವಿವರಿಸಿದಳು.

"ನನ್ ಮಗಳ ದನಿ ಐತಲ್ಲವ್ವ ಅದ್ರಾಗೆ?" ಪಾಲಮ್ಮನ ಕಣ್ಣು ಓಬಯ್ಯನ ಕೈಯಲ್ಲಿದ್ದ ಮೊಹರು ಹಾಕಿದ ಗಂಟಿನ ಮೇಲಿತ್ತು. "ಒಂದ್ಸಲ ಕೇಳಿಸ್ತೀಯಾ?"

ಶಾಲಿನಿ ಹಾಳೆಯನ್ನು ಮಡಚಿದಳು.

"ಕೇಸ್ ಮುಗಿಯೋಗಂಟ ಅದನ್ನ ತೆಗೆಯೋ ಹಂಗಿಲ್ಲಮ್ಮ."

"ಎಷ್ಟು ದಿನ ಆಗ್ತೈತೆ?"

"ಹೇಳಾಕಾಗಲ್ಲ. ವರ್ಷಗಟ್ಟಲೆ ಆಗಬಹುದು."

ಪಾಲಮ್ಮ ತಲೆಯಾಡಿಸಿದಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ.

"ಆಗ್ಲಿ ಬಿಡವ್ವ. ಐತಲ್ಲ, ಸಾಕು. ಕಾಯ್ತೀನಿ."